ಎಲ್ಲವನ್ನೂ ಒಂದೇ ಕಂಪನಿಯಿಂದ ಕೊಳ್ಳಬಹುದೇ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರ ಒಂದು ಚಿಕ್ಕ ಸಹಕಾರಿ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಹನ್ನೊಂದು ಕಂಪ್ಯೂಟರುಗಳೂ ಒಂದು ಸರ್ವರೂ ಇವೆ. ಒಂಬತ್ತು ಯಂತ್ರಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲವೆಂದು ಹುಬ್ಬಳ್ಳಿಯ ಮಾರಾಟಗಾರರು ಹೇಳುತ್ತಿದ್ದಾರೆ. ಕಂಪ್ಯೂಟರ್, ಸರ್ವರ್, ಪ್ರಿಂಟರ್, ಬ್ಯಾಕಪ್, ಐದು ವರ್ಷಗಳ ನಿರ್ವಹಣೆ ಎಲ್ಲವನ್ನೂ ಒಂದೇ ಕಂಪನಿಯದನ್ನಾಗಿ ಒಟ್ಟಿಗೆ ತೆಗೆದುಕೊಂಡರೆ ಒಳ್ಳೆಯ ರಿಯಾಯಿತಿ ಕೊಡುತ್ತೇವೆ ಎನ್ನುತ್ತಾರೆ. ಆಡಳಿತ ಮಂಡಳಿಯಲ್ಲಿ ಕೆಲವರು ‘ಒಬ್ಬರೇ ಜವಾಬ್ದಾರರಾದರೆ ಅನುಕೂಲ’ ಎಂದರೆ, ಇನ್ನು ಕೆಲವರು ‘ಒಬ್ಬರ ಕೈಗೆ ಸಿಕ್ಕಿಕೊಂಡರೆ ಮುಂದೆ ಬಿಡಿಸಿಕೊಳ್ಳುವುದು ಕಷ್ಟ’ ಎನ್ನುತ್ತಾರೆ. ಯಾರ ಮಾತು ಸರಿ? ಹಳೆಯ ಯಂತ್ರಗಳನ್ನು ಏನು ಮಾಡಬೇಕು?

ಉತ್ತರ: ನಿಮ್ಮ ಮಂಡಳಿಯ ಎರಡೂ ಕಡೆಯವರ ಮಾತಿನಲ್ಲಿ ತಥ್ಯವಿದೆ, ಆದರೆ ಅವರು ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿಲ್ಲ. ಒಬ್ಬರೇ ಜವಾಬ್ದಾರರಿರಲಿ ಎನ್ನುವವರ ಮನಸ್ಸಿನಲ್ಲಿರುವುದು ಯಂತ್ರ. ಸಿಕ್ಕಿಕೊಳ್ಳುತ್ತೇವೆ ಎಂದು ಅಂಜುವವರ ಮನಸ್ಸಿನಲ್ಲಿ, ಅವರಿಗೇ ಸ್ಪಷ್ಟವಾಗಿ ಹೊಳೆದಿರಲಿ ಬಿಡಲಿ, ಇರುವುದು ಲೆಕ್ಕ. ನಮ್ಮ ಕಡೆಯ ಮಳೆಗಾಲದ ತೇವ, ಸಿಡಿಲು, ವೋಲ್ಟೇಜಿನ ಏರಿಳಿತ ಇವನ್ನೆಲ್ಲ ತಾಳಿಕೊಂಡು ಒಂದು ಕಂಪ್ಯೂಟರ್ ಏಳೆಂಟು ವರ್ಷ ಬಾಳಿದರೆ ಅದೇ ಹೆಚ್ಚು. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ, ಅದರ ಸಾಮಾನ್ಯ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ರಂದು. ಎಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಮ್‌ನ ಆಯುಷ್ಯ ಸುಮಾರು ಹತ್ತು ವರ್ಷ. ಆದರೆ ಒಬ್ಬ ಸದಸ್ಯರ ಷೇರು, ಠೇವಣಿ, ಬೆಳೆಸಾಲ, ಅವರು ತಂದು ಹಾಕಿದ ಚಾಲಿ ಮತ್ತು ರಾಶಿ ಅಡಿಕೆಯ ತೂಕ ಇವುಗಳ ಲೆಕ್ಕ ಅವರ ಮಕ್ಕಳ ಕಾಲಕ್ಕೂ ಬೇಕು. ಆಯುಷ್ಯ ಬೇರೆಬೇರೆಯಾಗಿರುವ ಈ ಮೂರನ್ನು ಒಂದೇ ಒಪ್ಪಂದದ ಗಂಟಿನಲ್ಲಿ ಕಟ್ಟಿದಾಗ ಎಲ್ಲಕ್ಕಿಂತ ಹೆಚ್ಚು ಬಾಳುವ ವಸ್ತು ಎಲ್ಲಕ್ಕಿಂತ ಕಡಿಮೆ ಬಾಳುವ ವಸ್ತುವಿನ ಹಂಗಿಗೆ ಬೀಳುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಯಂತ್ರಗಳನ್ನು ಒಂದೇ ಕಂಪನಿಯಿಂದ ಕೊಂಡರೆ ದೊಡ್ಡ ಅಪಾಯವೇನೂ ಇಲ್ಲ, ಲೆಕ್ಕದ ದತ್ತಾಂಶವನ್ನು ಮಾತ್ರ ಅದೇ ಗಂಟಿನಲ್ಲಿ ಸೇರಿಸಬಾರದು.

ಇಂಗ್ಲಿಷಿನವರು ವೆಂಡರ್ ಲಾಕ್-ಇನ್ ಎಂದು ಕರೆಯುವ ಈ ಕಟ್ಟುಬೀಳುವಿಕೆ ಕಳಪೆ ಸರಕಿನಿಂದ ಬರುವುದಲ್ಲ. ಬಹಳ ಸಲ ಒಳ್ಳೆಯ ಸರಕಿನಿಂದಲೇ ಬರುತ್ತದೆ. ತೋಟ ನಿಮ್ಮದು, ಪಹಣಿಯಲ್ಲಿರುವ ಹೆಸರೂ ನಿಮ್ಮದೇ, ಆದರೆ ತೋಟದಿಂದ ಅಂಗಳಕ್ಕೆ ಬರುವ ದಾರಿ ಮಾತ್ರ ಪಕ್ಕದವರ ಗದ್ದೆಯ ಅಂಚಿನ ಮೇಲೆ ಹಾದುಬರುತ್ತದೆ ಎಂದುಕೊಳ್ಳಿ. ಕೊಳ್ಳುವ ದಿನ ಆ ದಾರಿಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಕೊನೆಕೊಯ್ಲಿನ ದಿನ ಅಡಿಕೆ ಹೊರೆ ಹೊತ್ತು ನಿಂತಾಗ ಅದರ ಬೆಲೆ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಈ ದಾರಿ ಯಾವುದೆಂದರೆ, ಒಂದು ತಯಾರಕರ ವ್ಯವಸ್ಥೆಯಿಂದ ನಿಮ್ಮ ಕೆಲಸವನ್ನೂ ದತ್ತಾಂಶವನ್ನೂ ಇನ್ನೊಬ್ಬರ ವ್ಯವಸ್ಥೆಗೆ ಒಯ್ಯಲು ತಗಲುವ ಹಣ, ಸಮಯ ಮತ್ತು ತಪ್ಪುಗಳ ಮೊತ್ತ. ಆ ಮೊತ್ತ ದೊಡ್ಡದಾದಷ್ಟೂ ನಿರ್ವಹಣೆಯ ದರವನ್ನು ಏರಿಸಲು ಮಾರಾಟಗಾರರಿಗೆ ಧೈರ್ಯ ಬರುತ್ತದೆ.

ತಯಾರಕರು ಈ ದಾರಿಯನ್ನು ಎಲ್ಲಿ ಮುಚ್ಚುತ್ತಾರೆ, ಎಲ್ಲಿ ತೆರೆಯುತ್ತಾರೆ ಎಂಬುದು ತಿಳಿದರೆ ನಿಮ್ಮ ಮುಂದಿರುವ ಕೊಟೇಶನ್ನನ್ನು ಓದುವ ಬಗೆಯೇ ಬದಲಾಗುತ್ತದೆ. ಆದ್ದರಿಂದ ಹಿಂದಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1964ರ ಏಪ್ರಿಲ್ 7ರಂದು ಐಬಿಎಂ ಕಂಪನಿ ಸಿಸ್ಟಮ್/360 ಎಂಬ ಕಂಪ್ಯೂಟರುಗಳ ಬಳಗವನ್ನು ಪ್ರಕಟಿಸಿತು. ಅದಕ್ಕೆ ಮೊದಲು ಅದೇ ಕಂಪನಿಯ ಒಂದು ಮಾದರಿಗೆ ಬರೆದ ಪ್ರೋಗ್ರಾಮ್ ಸಾಮಾನ್ಯವಾಗಿ ಇನ್ನೊಂದು ಮಾದರಿಯಲ್ಲಿ ಓಡುತ್ತಿರಲಿಲ್ಲ. ದೊಡ್ಡ ಯಂತ್ರ ಬೇಕಾದವರು ಎಲ್ಲವನ್ನೂ ಹೊಸದಾಗಿ ಬರೆಸಬೇಕಾಗಿತ್ತು. 360 ಬಂದ ಮೇಲೆ ಚಿಕ್ಕ ಯಂತ್ರದಲ್ಲಿ ಬರೆದದ್ದು ದೊಡ್ಡದರಲ್ಲಿಯೂ ಓಡತೊಡಗಿತು. ಗಿರಾಕಿಗಳಿಗೆ ಇದು ನಿಜವಾದ ಉಪಕಾರ, ಮತ್ತು ಅವರನ್ನು ಐಬಿಎಂ ಮನೆಯೊಳಗೇ ಉಳಿಸಿದ್ದೂ ಇದೇ ಉಪಕಾರ. ಆದರೆ ಒಳಗಿನ ಯಂತ್ರಗಳ ನಡುವೆ ಇಂಥ ಸಾಮ್ಯ ತಂದೊಡನೆ ಹೊರಗಿನವರಿಗೂ ಆ ಸಾಮ್ಯವನ್ನು ಅನುಕರಿಸುವ ದಾರಿ ತೆರೆಯಿತು. ಬೇರೆ ಕಂಪನಿಗಳು ಐಬಿಎಂ ಯಂತ್ರಕ್ಕೆ ನೇರವಾಗಿ ಸಿಕ್ಕಿಸಬಹುದಾದ ಡಿಸ್ಕ್ ಮತ್ತು ಟೇಪ್ ಸಾಧನಗಳನ್ನು ಕಡಿಮೆ ಬೆಲೆಗೆ ಮಾರಿದವು. 360ರ ಮುಖ್ಯ ವಿನ್ಯಾಸಕರಲ್ಲಿ ಒಬ್ಬರಾದ ಜೀನ್ ಆಮ್ಡಾಲ್ 1970ರಲ್ಲಿ ಐಬಿಎಂ ಬಿಟ್ಟು ಸ್ವಂತ ಕಂಪನಿ ಕಟ್ಟಿ, 1975ರಲ್ಲಿ ಐಬಿಎಂನ ಪ್ರೋಗ್ರಾಮುಗಳನ್ನೇ ಓಡಿಸುವ ಯಂತ್ರವನ್ನು ಗಿರಾಕಿಗಳಿಗೆ ತಲುಪಿಸಿದರು. ಅಮೆರಿಕದ ಸರ್ಕಾರ 1969ರಲ್ಲಿ ಐಬಿಎಂ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಅದೇ ವರ್ಷ ಕಂಪನಿ, ಅದುವರೆಗೆ ಯಂತ್ರದ ಬೆಲೆಯಲ್ಲೇ ಸೇರಿಸಿ ಕೊಡುತ್ತಿದ್ದ ತಂತ್ರಾಂಶ ಮತ್ತು ಸೇವೆಗಳಿಗೆ ಬೇರೆ ಬೆಲೆ ಹಾಕುವುದಾಗಿ ಘೋಷಿಸಿತು. ಯಂತ್ರ ಮತ್ತು ತಂತ್ರಾಂಶ ಎರಡು ಬೇರೆ ಸರಕುಗಳು ಎಂಬ ಇಂದಿನ ತಿಳಿವಳಿಕೆ ಬಲಗೊಂಡದ್ದು ಅಲ್ಲಿಂದ.

ಎರಡನೆಯ ಪಾಠ ನಿಮ್ಮ ಮೇಜಿನ ಮೇಲಿರುವ ಯಂತ್ರದ್ದೇ. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ, ಬೇಗ ಮುಗಿಸುವ ಆತುರದಲ್ಲಿ ಅದನ್ನು ಹೊರಗಿನ ಬಿಡಿಭಾಗಗಳಿಂದ ಜೋಡಿಸಿತ್ತು: ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನದು. ಐಬಿಎಂನ ಸ್ವಂತದ್ದು ಎನ್ನಬಹುದಾದ ಮುಖ್ಯ ಬೀಗ ಬಯೋಸ್, ಎಂದರೆ ಯಂತ್ರಕ್ಕೆ ವಿದ್ಯುತ್ ಬಂದೊಡನೆ ಭಾಗಗಳನ್ನೆಲ್ಲ ಎಚ್ಚರಿಸಿ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುವ ಚಿಕ್ಕ ಪ್ರೋಗ್ರಾಮ್. ಕಾಂಪ್ಯಾಕ್ ಎಂಬ ಹೊಸ ಕಂಪನಿ ಅದನ್ನು ನಕಲು ಮಾಡದೆಯೇ ಮರುಸೃಷ್ಟಿಸಿತು. ಮೂಲವನ್ನು ಓದಿದ ತಂಡ ಅದು ಏನೇನು ಮಾಡುತ್ತದೆ ಎಂದಷ್ಟೇ ಬರೆದುಕೊಟ್ಟಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ತಂಡ ಅದನ್ನು ಓದಿಕೊಂಡು ಹೊಸದಾಗಿ ಬರೆಯಿತು. 1984ರ ಹೊತ್ತಿಗೆ ಫೀನಿಕ್ಸ್ ಕಂಪನಿ ಇಂಥದೇ ಬಯೋಸನ್ನು ಬೇಕೆಂದವರಿಗೆಲ್ಲ ಮಾರತೊಡಗಿದಾಗ ಪಿಸಿ ಯಾರೊಬ್ಬರ ಸ್ವತ್ತೂ ಆಗಿ ಉಳಿಯಲಿಲ್ಲ. ಕಳೆದುಕೊಂಡ ಹಿಡಿತವನ್ನು ಮರಳಿ ಪಡೆಯಲು ಐಬಿಎಂ 1987ರಲ್ಲಿ ಪಿಎಸ್/2 ಎಂಬ ಹೊಸ ಸಾಲನ್ನು ತಂದಿತು. ಅದರೊಳಗೆ ಕಾರ್ಡುಗಳನ್ನು ಸಿಕ್ಕಿಸುವ ಮೈಕ್ರೋ ಚಾನೆಲ್ ವ್ಯವಸ್ಥೆ ತಾಂತ್ರಿಕವಾಗಿ ಹಳೆಯದಕ್ಕಿಂತ ಉತ್ತಮವಾಗಿತ್ತು, ಆದರೆ ಅದನ್ನು ಬಳಸಲು ಐಬಿಎಂಗೆ ಪರವಾನಗಿ ಶುಲ್ಕ ಕೊಡಬೇಕಾಗಿತ್ತು. ಮರುವರ್ಷವೇ ಒಂಬತ್ತು ಪ್ರತಿಸ್ಪರ್ಧಿಗಳು ಒಟ್ಟುಗೂಡಿ, ಹಳೆಯ ಕಾರ್ಡುಗಳನ್ನೂ ಸ್ವೀಕರಿಸುವ ತಮ್ಮದೇ ಮಾನಕವನ್ನು ಮುಂದಿಟ್ಟರು. ಮೈಕ್ರೋ ಚಾನೆಲ್ ಅಳಿಯಿತು. ಅದೇ ಪಿಎಸ್/2ರ ಕೀಬೋರ್ಡ್ ತೂತು ಮತ್ತು ಅದರೊಡನೆ ಬಂದ ವಿಜಿಎ ಪರದೆ ವ್ಯವಸ್ಥೆಯನ್ನು ಮಾತ್ರ ಎಲ್ಲರೂ ಅನುಸರಿಸಿದ್ದರಿಂದ ಅವು ದಶಕಗಳ ಕಾಲ ಉಳಿದವು. ನಿಮ್ಮ ಹಳೆಯ ಯಂತ್ರಗಳ ಹಿಂಬದಿ ನೋಡಿದರೆ ಇಂದಿಗೂ ಕಾಣಸಿಗಬಹುದು.

ಇಲ್ಲಿ ಗೆದ್ದವರು ಯಾರು ಎಂದು ಕೇಳಿಕೊಳ್ಳಬೇಕು. ಯಂತ್ರದ ಪದರ ತೆರೆದುಕೊಂಡು ನೂರಾರು ತಯಾರಕರು ಪೈಪೋಟಿಗೆ ಇಳಿದಾಗ ಬೆಲೆ ಇಳಿಯಿತು. ಬೀಗ ಮಾತ್ರ ಮುರಿಯದೆ ಒಂದು ಪದರ ಮೇಲಕ್ಕೆ, ಆಪರೇಟಿಂಗ್ ಸಿಸ್ಟಮ್‌ಗೆ ಸರಿಯಿತು. ಯಾರ ಪಿಸಿ ಮಾರಾಟವಾದರೂ ಮೈಕ್ರೋಸಾಫ್ಟ್‌ಗೆ ಪಾಲು ಸಿಗುವಂತಾಯಿತು. ನನ್ನ ತಿಳಿವಿನಲ್ಲಿ ಇಡೀ ಉದ್ಯಮದ ನಡೆಯನ್ನು ವಿವರಿಸುವ ಸೂತ್ರ ಇದು: ಪ್ರತಿ ಕಂಪನಿಯೂ ತಾನು ಹಣ ಮಾಡುವ ಪದರವನ್ನು ಮುಚ್ಚಿಟ್ಟು, ಅದಕ್ಕೆ ಜೊತೆಯಾಗಿ ಬೇಕಾಗುವ ಬೇರೆ ಪದರಗಳು ತೆರೆದು ಅಗ್ಗವಾಗಲಿ ಎಂದು ಬಯಸುತ್ತದೆ. ವಿಂಡೋಸ್ ಮಾರುವ ಕಂಪನಿಗೆ ಎಲ್ಲರ ಯಂತ್ರವೂ ಒಂದೇ ಬಗೆಯಾಗಿ ಅಗ್ಗವಾಗಿರಬೇಕು. ಯಂತ್ರ ಮಾರುವ ಆಪಲ್ ತನ್ನ ಆಪರೇಟಿಂಗ್ ಸಿಸ್ಟಮ್ ಬೇರೆಯವರ ಯಂತ್ರದಲ್ಲಿ ಓಡಲು ಬಿಡುವುದಿಲ್ಲ. 1995ರಲ್ಲಿ ಒಮ್ಮೆ ಪರವಾನಗಿ ಕೊಟ್ಟು ನೋಡಿ, ತನ್ನ ಮಾರಾಟಕ್ಕೇ ಪೆಟ್ಟು ಬಿದ್ದಾಗ 1997ರಲ್ಲಿ ನಿಲ್ಲಿಸಿತು. ಒಂದು ಕಾಲದಲ್ಲಿ ಎಲ್ಲ ಬೀಗಗಳ ಒಡೆಯನಾಗಿದ್ದ ಐಬಿಎಂ, ಸರ್ವರುಗಳನ್ನೂ ಸೇವೆಯನ್ನೂ ಮಾರಿ ಬದುಕುವ ಹೊತ್ತು ಬಂದಾಗ, ಯಾರೊಬ್ಬರದ್ದೂ ಅಲ್ಲದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ 2001ರಲ್ಲಿ ನೂರು ಕೋಟಿ ಡಾಲರ್ ತೊಡಗಿಸುವುದಾಗಿ ಘೋಷಿಸಿತು. ಇವರಲ್ಲಿ ಯಾರನ್ನೂ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ‘ನಮ್ಮದು ಮುಕ್ತ ವ್ಯವಸ್ಥೆ’ ಎಂದು ಯಾರಾದರೂ ಹೇಳಿದಾಗ ಯಾವ ಪದರ ಮುಕ್ತ, ಯಾವ ಪದರದಲ್ಲಿ ಇವರ ಆದಾಯ ಎಂದು ಎರಡು ಪ್ರಶ್ನೆ ಕೇಳಿದರೆ ಬೀಗ ಇರುವ ಜಾಗ ತಾನಾಗಿಯೇ ಗೊತ್ತಾಗುತ್ತದೆ.

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1980ರ ದಶಕದಲ್ಲಿ ಸನ್, ಎಚ್‌ಪಿ, ಡಿಜಿಟಲ್, ಐಬಿಎಂ ಎಲ್ಲರೂ ಯುನಿಕ್ಸನ್ನು ‘ಮುಕ್ತ ವ್ಯವಸ್ಥೆ’ ಎಂದೇ ಮಾರಿದರು, ಆದರೆ ಪ್ರತಿಯೊಬ್ಬರೂ ತಮ್ಮದೇ ಪ್ರೊಸೆಸರ್ ಮೇಲೆ ತಮ್ಮದೇ ಬಗೆಯ ಯುನಿಕ್ಸ್ ಕಟ್ಟಿ ಅದಕ್ಕೆ ತಮ್ಮದೇ ವಿಶೇಷಗಳನ್ನು ಸೇರಿಸಿದರು. ಎಲ್ಲರಿಗೂ ಸಾಮಾನ್ಯವಾಗುವಂತೆ 1988ರಲ್ಲಿ ಪೋಸಿಕ್ಸ್ ಎಂಬ ಮಾನಕ ಬಂತು. ಅದನ್ನು ಮಾತ್ರ ನೆಚ್ಚಿ ಬರೆದ ಪ್ರೋಗ್ರಾಮುಗಳು ಊರಿಂದೂರಿಗೆ ಸಲೀಸಾಗಿ ಹೋದವು, ತಯಾರಕರ ವಿಶೇಷಗಳನ್ನು ಬಳಸಿಕೊಂಡವು ಅಲ್ಲಲ್ಲೇ ಸಿಕ್ಕಿಬಿದ್ದವು. ತಯಾರಕರೇ ಇಲ್ಲವಾದಾಗ ಏನಾಗುತ್ತದೆ ಎಂಬುದನ್ನೂ ಆ ಕಾಲ ತೋರಿಸಿತು. ಡಿಜಿಟಲ್ ಕಂಪನಿ 1992ರಲ್ಲಿ ತಂದ ಆಲ್ಫಾ ಪ್ರೊಸೆಸರ್ ಆ ಕಾಲದ ಅತಿ ವೇಗದ ಪ್ರೊಸೆಸರುಗಳಲ್ಲಿ ಒಂದು. 1998ರಲ್ಲಿ ಡಿಜಿಟಲ್ ಕಂಪನಿಯನ್ನು ಕಾಂಪ್ಯಾಕ್ ಕೊಂಡಿತು, 2002ರಲ್ಲಿ ಕಾಂಪ್ಯಾಕ್ ಎಚ್‌ಪಿಯಲ್ಲಿ ಲೀನವಾಯಿತು, ಆಲ್ಫಾ ಬಳಸುತ್ತಿದ್ದವರನ್ನು ಇಂಟೆಲ್‌ನ ಐಟೇನಿಯಂಗೆ ಹೋಗಿ ಎಂದರು, ಆ ಐಟೇನಿಯಂ ಪೂರೈಕೆಯೂ 2021ರಲ್ಲಿ ನಿಂತಿತು. ಗಿರಾಕಿ ಯಾವ ತಪ್ಪನ್ನೂ ಮಾಡದೆ ಮತ್ತೆ ಮತ್ತೆ ಮನೆ ಬದಲಿಸಬೇಕಾಯಿತು. ಒಳ್ಳೆಯ ಯಂತ್ರ, ದೊಡ್ಡ ಹೆಸರು ಎರಡೂ ಭದ್ರತೆಯ ಖಾತರಿಯಲ್ಲ.

ನಮ್ಮ ದೇಶಕ್ಕೂ ಇಂಥದೊಂದು ಅನುಭವವಿದೆ. ವಿದೇಶಿ ಬಂಡವಾಳದ ಕಾಯ್ದೆಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟುಹೋದಾಗ, ಇಲ್ಲಿದ್ದ ಅದರ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಿ ಸ್ವಾಮ್ಯದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಹೊತ್ತುಕೊಂಡಿತು. ತಯಾರಕರ ನೆರವಿಲ್ಲದೆ ಯಂತ್ರಗಳನ್ನು ಓಡಿಸಬಲ್ಲ ಎಂಜಿನಿಯರುಗಳು ನಮ್ಮಲ್ಲಿ ಬೆಳೆದದ್ದರಲ್ಲಿ ಆ ಹೊಣೆಗಾರಿಕೆಯ ಪಾಲು ದೊಡ್ಡದು. ಯಂತ್ರವನ್ನು ಬಿಚ್ಚಿ ನೋಡುವ ಹಕ್ಕು ಮತ್ತು ಬಿಡಿಭಾಗ ಸಿಗುವ ಭರವಸೆ ಎಷ್ಟು ಮುಖ್ಯ ಎಂಬುದು ಅವರಿಂದ ಕಲಿತ ನನ್ನಂಥವರಿಗೆ ಗೊತ್ತು.

ಹೀಗೆಂದ ಮಾತ್ರಕ್ಕೆ ಒಬ್ಬರಿಂದಲೇ ಕೊಳ್ಳುವುದು ತಪ್ಪು ಎಂಬ ತೀರ್ಮಾನಕ್ಕೆ ಬರಬೇಡಿ. 360ಕ್ಕಾಗಿ ಬರೆದ ಪ್ರೋಗ್ರಾಮುಗಳು ಐಬಿಎಂನ ಇಂದಿನ ಮೇನ್‌ಫ್ರೇಮುಗಳಲ್ಲಿಯೂ ಓಡಬಲ್ಲವು. ಆರು ದಶಕಗಳ ಈ ನಿರಂತರತೆ ಸಾಧ್ಯವಾದದ್ದು ಒಂದೇ ಕಂಪನಿ ಹೊಣೆ ಹೊತ್ತಿದ್ದರಿಂದ. ನಿಮ್ಮ ಊರಿನ ಮಟ್ಟದಲ್ಲಿ ಯೋಚಿಸಿದರೂ ಹುಬ್ಬಳ್ಳಿಯಿಂದ ಎಂಜಿನಿಯರ್ ಬರಲು ಅರ್ಧ ದಿನ ಬೇಕು. ಮಳೆಗಾಲದಲ್ಲಿ ಘಟ್ಟದ ಕೆಳಗಿನಿಂದ ಯಾರಾದರೂ ಬರಬೇಕಾದರೆ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದಿಲ್ಲವೇ ಎಂದು ಮೊದಲು ವಿಚಾರಿಸಬೇಕು. ಅಷ್ಟು ದೂರದಿಂದ ಬಂದವರು ‘ಇದು ಸರ್ವರಿನ ದೋಷ, ನಮ್ಮದಲ್ಲ’ ಎಂದೂ, ಸರ್ವರಿನವರು ‘ಇದು ನೆಟ್‌ವರ್ಕ್ ದೋಷ’ ಎಂದೂ ಹೇಳಿ ಹೊರಟುಹೋದರೆ ಪಾಸ್‌ಬುಕ್ ಹಿಡಿದು ನಿಂತ ಸದಸ್ಯರಿಗೆ ಉತ್ತರ ಹೇಳಬೇಕಾದವರು ನೀವು. ಒಬ್ಬರೇ ಜವಾಬ್ದಾರರಿರಲಿ ಎಂಬ ಮಾತಿಗೆ ಇಲ್ಲಿ ತೂಕವಿದೆ, ಆ ಅನುಕೂಲಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದೂ ನ್ಯಾಯವೇ.

ಈಗ ನಿಮ್ಮ ಒಂಬತ್ತು ಯಂತ್ರಗಳ ವಿಷಯ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಪ್ರೊಸೆಸರ್ ಮೈಕ್ರೋಸಾಫ್ಟ್ ಪ್ರಕಟಿಸಿದ ಪಟ್ಟಿಯಲ್ಲಿರಬೇಕು, ಇಂಟೆಲ್‌ನವಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ನಂತರದವು. ಅನೇಕ ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ಅದನ್ನು ಚಾಲೂ ಮಾಡಿರುವುದಿಲ್ಲ, ಅಂಥ ಯಂತ್ರವನ್ನು ‘ಬರುವುದಿಲ್ಲ’ ಎಂಬ ಸಾಲಿಗೆ ಸೇರಿಸಿಬಿಡುತ್ತಾರೆ. ಆದ್ದರಿಂದ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪಿಸಿ ಹೆಲ್ತ್ ಚೆಕ್ ಎಂಬ ಉಪಕರಣವನ್ನು ಒಂದೊಂದು ಯಂತ್ರದಲ್ಲಿಯೂ ನೀವೇ ಓಡಿಸಿ, ಯಾವುದು ಪ್ರೊಸೆಸರಿನಿಂದಾಗಿ ಬಿದ್ದುಹೋಯಿತು, ಯಾವುದು ಬರೀ ಟಿಪಿಎಂನಿಂದಾಗಿ ಬಿದ್ದುಹೋಯಿತು ಎಂದು ಬರೆದಿಟ್ಟುಕೊಳ್ಳಿ. ಒಂಬತ್ತು ಆರಕ್ಕೆ ಇಳಿದರೂ ಕೊಟೇಶನ್ನಿನ ಮೊತ್ತ ಬದಲಾಗುತ್ತದೆ. ನಿಜವಾಗಿಯೂ ಬಾರದವುಗಳಿಗೆ ಸಂಸ್ಥೆಗಳು ಹಣ ಕೊಟ್ಟು ಗರಿಷ್ಠ ಮೂರು ವರ್ಷಗಳವರೆಗೆ ವಿಂಡೋಸ್ 10ರ ಭದ್ರತಾ ಪರಿಷ್ಕರಣೆಗಳನ್ನು ಪಡೆಯುವ ಅವಕಾಶವಿದೆ, ಆದರೆ ದರ ವರ್ಷದಿಂದ ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಆತುರ ತಪ್ಪಿಸಿಕೊಳ್ಳಲು ಒಂದು ವರ್ಷದ ಮಟ್ಟಿಗೆ ಇದು ಉಪಯೋಗವಾದೀತು. ಮೂರು ವರ್ಷ ಎಳೆಯುವುದು ಲಾಭಕರವಲ್ಲ.

ಹೊಸ ಯಂತ್ರಗಳಲ್ಲಿ ನೀವು ಹೆಚ್ಚು ಎಚ್ಚರ ವಹಿಸಬೇಕಾದ ಬೀಗವೊಂದಿದೆ, ಅದರ ಬಗ್ಗೆ ಕೊಟೇಶನ್ನಿನಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಇತ್ತೀಚಿನ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿನ ಮೇಲಿನ ದತ್ತಾಂಶವನ್ನು ಬಿಟ್‌ಲಾಕರ್ ಎಂಬ ವ್ಯವಸ್ಥೆ ಗೂಢಲಿಪಿಗೆ ತಿರುಗಿಸಿಟ್ಟಿರುತ್ತದೆ, ಅದರ ಕೀಲಿ ಮದರ್‌ಬೋರ್ಡಿನಲ್ಲಿರುವ ಟಿಪಿಎಂನ ವಶದಲ್ಲಿರುತ್ತದೆ. ಕಳ್ಳತನದ ವಿರುದ್ಧ ಇದು ಒಳ್ಳೆಯ ರಕ್ಷಣೆ. ಆದರೆ ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಗುವುದು ಕಳ್ಳತನಕ್ಕಿಂತ ಎಷ್ಟೋ ಸಾಮಾನ್ಯ. ಬೋರ್ಡ್ ಸುಟ್ಟರೆ, ಡಿಸ್ಕ್ ಚೆನ್ನಾಗಿದ್ದರೂ, 48 ಅಂಕಿಗಳ ರಿಕವರಿ ಕೀ ಇಲ್ಲದೆ ಅದನ್ನು ಓದಲು ತಯಾರಕರಿಂದಲೂ ಆಗುವುದಿಲ್ಲ. ಆ ಕೀ ಯಾವ ಖಾತೆಯಲ್ಲಿ ಉಳಿದಿರುತ್ತದೆ? ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಖಾತೆಯಲ್ಲಿ. ಅದು ಮಾರಾಟಗಾರರ ಕಡೆಯ ಹುಡುಗನ ಸ್ವಂತ ಇಮೇಲ್ ಆಗಿದ್ದು, ಅವನು ಮುಂದಿನ ವರ್ಷ ಕೆಲಸ ಬಿಟ್ಟು ಬೆಂಗಳೂರಿಗೆ ಹೋದನೆಂದರೆ ನಿಮ್ಮ ಸಂಘ ಯಾವ ದೊಡ್ಡ ಕಂಪನಿಗೂ ಕಟ್ಟುಬೀಳದೆ ಒಬ್ಬ ವ್ಯಕ್ತಿಯ ಪಾಸ್‌ವರ್ಡಿಗೆ ಕಟ್ಟುಬಿದ್ದಂತಾಯಿತು. ಎಲ್ಲ ಖಾತೆಗಳೂ ಸಂಘದ ಇಮೇಲ್‌ನಲ್ಲಿರಬೇಕು. ರಿಕವರಿ ಕೀಗಳನ್ನು ಕಾಗದದ ಮೇಲೆ ಮುದ್ರಿಸಿ ಸಂಘದ ತಿಜೋರಿಯಲ್ಲಿ ಇಡಬೇಕು.

ಸರ್ವರಿನಲ್ಲಿ ಎರಡು ಡಿಸ್ಕುಗಳಿಗೆ ಒಂದೇ ದತ್ತಾಂಶವನ್ನು ಬರೆಯುವ ಏರ್ಪಾಡು ಇರುತ್ತದೆ. ಅದನ್ನು ನೋಡಿಕೊಳ್ಳುವುದು ತಯಾರಕರ ರೈಡ್ ಕಾರ್ಡ್ ಆಗಿದ್ದರೆ, ಆ ಕಾರ್ಡ್ ಸುಟ್ಟಾಗ ಅದೇ ಕಂಪನಿಯ ಹೊಂದುವ ಕಾರ್ಡನ್ನೇ ಹುಡುಕಬೇಕಾಗಬಹುದು. ಲಿನಕ್ಸ್ ಸರ್ವರಿನಲ್ಲಿ ಆಪರೇಟಿಂಗ್ ಸಿಸ್ಟಮ್ ತಾನೇ ಈ ಕೆಲಸ ಮಾಡಬಲ್ಲದು; ಆಗ ಡಿಸ್ಕನ್ನು ಕಳಚಿ ಲಿನಕ್ಸ್ ಇರುವ ಬೇರೆ ಯಾವ ಕಂಪನಿಯ ಯಂತ್ರಕ್ಕೆ ಹಾಕಿದರೂ ಓದಲು ಬರುತ್ತದೆ. ನಿಮ್ಮಷ್ಟು ಕೆಲಸಕ್ಕೆ ಅದು ಧಾರಾಳ ಸಾಕು. ಪ್ರಿಂಟರುಗಳ ಇಂಕ್ ಡಬ್ಬಿಯಲ್ಲಿ ಚಿಪ್ ಇಟ್ಟು ಬೇರೆಯವರ ಡಬ್ಬಿಯನ್ನು ನಿರಾಕರಿಸುವ ಪದ್ಧತಿ ನಿಮಗೆ ಗೊತ್ತೇ ಇರುತ್ತದೆ, ವಿಸ್ತರಿಸುವುದಿಲ್ಲ. ಲ್ಯಾಪ್‌ಟಾಪ್ ಕೊಳ್ಳುವುದಿದ್ದರೆ ಮೆಮೊರಿ ಮತ್ತು ಡಿಸ್ಕ್ ಬೆಸುಗೆ ಹಾಕಿದವೋ ಕಳಚಲು ಬರುವವೋ ಎಂದು ಕೇಳಿ, ಚಾರ್ಜರ್ ಯುಎಸ್‌ಬಿ-ಸಿ ಇರುವುದನ್ನೇ ಆರಿಸಿ.

ತೆರೆದ ಮಾನಕದ ಬಲ ಎಷ್ಟೆಂಬುದಕ್ಕೆ ನಿಮ್ಮ ವಖಾರಿಯಲ್ಲಿಯೇ ಸಾಕ್ಷಿ ಇರಬಹುದು. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕಂಪ್ಯೂಟರಿಗೆ ತೂಕ ಕಳಿಸುವ ತಂತಿ ಸಾಮಾನ್ಯವಾಗಿ ಆರ್‌ಎಸ್-232 ಎಂಬ ಮಾನಕದ್ದು. ಅದು ಹುಟ್ಟಿದ್ದು 1960ರಲ್ಲಿ. ತಕ್ಕಡಿ ಮಾಡಿದವರೊಬ್ಬರು, ಕಂಪ್ಯೂಟರ್ ಮಾಡಿದವರೊಬ್ಬರು, ಇಬ್ಬರಿಗೂ ಪರಸ್ಪರ ಪರಿಚಯವೇ ಇಲ್ಲ, ಆದರೂ ಐವತ್ತು ಕೆ.ಜಿ. ಚೀಲ ಇಟ್ಟೊಡನೆ ಅಂಕಿ ಪರದೆಯ ಮೇಲೆ ಬರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಆ ತೂತು ಇಲ್ಲದಿದ್ದರೆ ಯುಎಸ್‌ಬಿಗೆ ಹೊಂದಿಸುವ ಚಿಕ್ಕದೊಂದು ಅಡಾಪ್ಟರ್ ಸಾಕಾಗುತ್ತದೆ.

ದತ್ತಾಂಶದ ವಿಷಯಕ್ಕೆ ಬರುವ ಮೊದಲು ನನ್ನ ಒಂದು ಅನುಭವ ಹೇಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾನು ಕಾರವಾರದಲ್ಲಿ ಕಂಪ್ಯೂಟರ್ ನಿರ್ವಹಣೆಯ ಕೆಲಸದಲ್ಲಿದ್ದಾಗ, ಸಮುದ್ರಕ್ಕೆ ಹತ್ತಿರವಿದ್ದ ಒಂದು ಕಚೇರಿಯವರು ಪ್ರತಿ ಶನಿವಾರ ತಪ್ಪದೆ ಟೇಪಿಗೆ ಬ್ಯಾಕಪ್ ಮಾಡುತ್ತಿದ್ದರು. ಉಪ್ಪುಗಾಳಿಗೆ ಟೇಪ್ ಸಾಧನ ಕೆಟ್ಟಿತು, ಅದೇ ವಾರ ಡಿಸ್ಕೂ ಹೋಯಿತು. ಅದೇ ಅಳತೆಯ ಟೇಪು ಹಿಡಿಸುವ ಬೇರೆ ಸಾಧನ ತರಿಸಿದೆವು. ಟೇಪು ತಿರುಗಿತು, ಆದರೆ ಬ್ಯಾಕಪ್ ಬರೆದ ತಂತ್ರಾಂಶ ತನ್ನದೇ ಗುಪ್ತ ರೂಪದಲ್ಲಿ ಬರೆದಿದ್ದರಿಂದ ಏನನ್ನೂ ಓದಲಾಗಲಿಲ್ಲ, ಆ ತಂತ್ರಾಂಶದವರು ಅಷ್ಟರಲ್ಲಿ ವ್ಯವಹಾರವನ್ನೇ ಮುಚ್ಚಿದ್ದರು. ಕಾಗದದ ಖಾತೆಪುಸ್ತಕಗಳು ಇದ್ದದ್ದರಿಂದ ನಾಲ್ಕು ತಿಂಗಳು ಕುಳಿತು ಕೈಯಿಂದ ಮತ್ತೆ ಸೇರಿಸಿದರು. ಆ ಟೇಪುಗಳನ್ನು ಒಂದು ಸಲವಾದರೂ ಬೇರೆ ಯಂತ್ರದಲ್ಲಿ ಓದಿ ನೋಡಿ ಎಂದು ನಾನು ಮೊದಲೇ ಒತ್ತಾಯಿಸಬೇಕಾಗಿತ್ತು, ಒತ್ತಾಯಿಸಲಿಲ್ಲ. ಅಂದಿನಿಂದ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ನಿಮ್ಮಂಥ ಸಂಘಗಳ ಹಳೆಯ ಲೆಕ್ಕ ಬಹಳ ಕಡೆ ಫಾಕ್ಸ್‌ಪ್ರೊ ಅಥವಾ ವಿಷುವಲ್ ಬೇಸಿಕ್‌ನಲ್ಲಿ ಬರೆದ ಸ್ಥಳೀಯ ತಂತ್ರಾಂಶದಲ್ಲಿರುತ್ತದೆ. ಫಾಕ್ಸ್‌ಪ್ರೊದ ಹೊಸ ಆವೃತ್ತಿ ಇನ್ನು ಬರುವುದಿಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿ, 2015ರಲ್ಲಿ ಬೆಂಬಲವನ್ನೂ ನಿಲ್ಲಿಸಿತು. ಆದರೂ ಅದು ಬಳಸುತ್ತಿದ್ದ ಡಿಬಿಎಫ್ ಕಡತದ ರಚನೆ ಸರಳವಾಗಿಯೂ ಎಲ್ಲರಿಗೂ ತಿಳಿದದ್ದಾಗಿಯೂ ಇದ್ದುದರಿಂದ ಇಂದು ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿಯೂ ಅದು ತೆರೆದುಕೊಳ್ಳುತ್ತದೆ. ತಂತ್ರಾಂಶ ಸತ್ತರೂ ದತ್ತಾಂಶ ಬದುಕಿತು. ಕನ್ನಡದ ಹೆಸರುಗಳ ಸ್ಥಿತಿ ಮಾತ್ರ ಇಷ್ಟು ಸುಲಭವಲ್ಲ. ಯೂನಿಕೋಡ್ ಎಂಬ, ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತಗಳ ಮಾನಕ ಬಳಕೆಗೆ ಬರುವ ಮೊದಲಿನ ನಮ್ಮ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂಡಿಸಿಟ್ಟಿದ್ದವು, ಒಂದೊಂದು ತಂತ್ರಾಂಶದ ಜೋಡಣೆ ಒಂದೊಂದು ರೀತಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಸದಸ್ಯರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯಾವ ಕಂಪನಿಯೂ ದುರುದ್ದೇಶದಿಂದ ಮಾಡಿದ್ದಲ್ಲವಾದರೂ ನಮ್ಮ ಭಾಷೆ ಅನುಭವಿಸಿದ ಅತಿ ದೊಡ್ಡ ಲಾಕ್-ಇನ್ ಇದೇ ಎಂದು ನಾನು ನಂಬಿದ್ದೇನೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಪಾರ್ವತಿಯಂಥ ಅರ್ಕಾವತ್ತಿನ ಹೆಸರುಗಳನ್ನೂ ಸುಬ್ರಾಯನಂಥ ಒತ್ತಕ್ಷರದ ಹೆಸರುಗಳನ್ನೂ ಕಣ್ಣಿಂದ ಓದಿ ತಾಳೆ ನೋಡಬೇಕು, ತಪ್ಪು ನುಸುಳುವುದು ಅಲ್ಲಿಯೇ.

ಒಪ್ಪಂದದಲ್ಲಿ ಬರಬೇಕಾದ ಮಾತುಗಳು ಇಷ್ಟರಿಂದ ಹುಟ್ಟುತ್ತವೆ. ಸಂಘದ ಸಮಗ್ರ ದತ್ತಾಂಶವನ್ನು ತಿಂಗಳಿಗೊಮ್ಮೆ ಯೂನಿಕೋಡ್ ಸಿಎಸ್‌ವಿ ಕಡತಗಳಾಗಿ (ಅಲ್ಪವಿರಾಮದಿಂದ ಕಾಲಮ್ಮುಗಳನ್ನು ಬೇರ್ಪಡಿಸಿದ ಸರಳ ಪಠ್ಯದ ಕಡತಗಳು), ಯಾವ ಕಾಲಮ್ಮಿನಲ್ಲಿ ಏನಿದೆ ಎಂಬ ವಿವರಣೆಯ ಸಮೇತ, ಹೆಚ್ಚುವರಿ ಶುಲ್ಕವಿಲ್ಲದೆ ಕೊಡಬೇಕು ಎಂದು ಬರೆಸಿ. ನಿರ್ವಹಣೆಯ ಅವಧಿ ಮುಗಿದ ಮೇಲೆಯೂ ಮೂರು ತಿಂಗಳು, ನೀವು ಹೇಳಿದ ಬೇರೆಯವರಿಗೆ ದತ್ತಾಂಶ ಒಪ್ಪಿಸಲು ಸಹಕರಿಸಬೇಕು ಎಂದೂ ಇರಲಿ. ಪರವಾನಗಿಗಳ ಬಿಲ್ಲು ಸಂಘದ ಹೆಸರಿನಲ್ಲಿರಬೇಕು. ಯಂತ್ರದೊಡನೆ ಬರುವ ಓಇಎಂ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಬೇರೆ ಯಂತ್ರಕ್ಕೆ ಒಯ್ಯಲು ಬರುವುದಿಲ್ಲ ಎಂಬುದು ತಿಳಿದಿರಲಿ. ಆರನೆಯ ವರ್ಷದ ನಿರ್ವಹಣಾ ದರವನ್ನು ಈಗಲೇ ಬರೆದುಕೊಡಿ ಎಂದು ಕೇಳಿ. ರಿಯಾಯಿತಿ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಆ ಒಂದು ಅಂಕಿಯೇ ಉತ್ತರ ಕೊಡುತ್ತದೆ, ಅದನ್ನು ಬರೆದುಕೊಡಲು ಒಪ್ಪದವರಿಗೆ ಸರ್ವರಿನ ಕೆಲಸವನ್ನು ನಾನಾದರೆ ಕೊಡುವುದಿಲ್ಲ. ಮುಂಗಡ ಕೊಡುವ ಮೊದಲು ಇನ್ನೂ ಒಂದು ಪರೀಕ್ಷೆ ಮಾಡಿಸಿ: ಅವರ ಬ್ಯಾಕಪ್ಪನ್ನು ಬೇರೆ ಕಂಪನಿಯ ಒಂದು ಯಂತ್ರದಲ್ಲಿ ನಿಮ್ಮೆದುರೇ ತೆರೆದು, ನೀವು ಆರಿಸಿದ ಐದು ಸದಸ್ಯರ ಖಾತೆಯನ್ನು ತೋರಿಸಲಿ.

ಲಿನಕ್ಸ್‌ಗೆ ಪೂರ್ತಿ ಬದಲಾಗಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಲೆಕ್ಕದ ತಂತ್ರಾಂಶ ಬ್ರೌಸರಿನಲ್ಲಿ ಓಡುವಂಥದ್ದಾದರೆ ಕೌಂಟರಿನ ಯಂತ್ರಗಳಿಗೆ ಲಿನಕ್ಸ್ ಚೆನ್ನಾಗಿ ಹೊಂದುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದಾದರೆ ಸದ್ಯಕ್ಕೆ ಆ ಯೋಚನೆ ಬಿಡಿ, ಆದರೆ ಮುಂದೆ ತಂತ್ರಾಂಶ ಬದಲಿಸುವಾಗ ಬ್ರೌಸರಿನದನ್ನೇ ಕೇಳಿ. ಪಾಸ್‌ಬುಕ್ ಪ್ರಿಂಟರ್ ಮತ್ತು ಹೆಬ್ಬೆಟ್ಟಿನ ಯಂತ್ರಕ್ಕೆ ಲಿನಕ್ಸ್ ಡ್ರೈವರ್ (ಆ ಸಾಧನವನ್ನು ನಡೆಸುವ ಚಿಕ್ಕ ಪ್ರೋಗ್ರಾಮ್) ಇದೆಯೇ ಎಂಬುದು ಇಲ್ಲಿ ನಿರ್ಣಾಯಕ. ಎರಡು ಯಂತ್ರಗಳಲ್ಲಿ ಹಾಕಿ, ವ್ಯವಹಾರ ಕಡಿಮೆ ಇರುವ ಮಳೆಗಾಲದ ಒಂದು ತಿಂಗಳು ಓಡಿಸಿ ನೋಡದೆ ತೀರ್ಮಾನಿಸಬೇಡಿ.

ಹಳೆಯ ಯಂತ್ರಗಳನ್ನು ಈಗಲೇ ಗುಜರಿಗೆ ಕೊಡಬೇಡಿ, ಮಾರಾಟಗಾರರು ವಿನಿಮಯದ ಬೆಲೆ ಕೊಡುತ್ತೇವೆಂದರೂ ಡಿಸ್ಕುಗಳನ್ನು ಕೊಡಬೇಡಿ. ಹಳೆಯ ತಂತ್ರಾಂಶ ಓಡುವ ಒಂದು ಯಂತ್ರವನ್ನು ಅದರ ಫಾಂಟುಗಳ ಸಮೇತ, ಇಂಟರ್‌ನೆಟ್ ತಂತಿ ಕಳಚಿ, ಎರಡು ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಿ. ಹೊಸದರಲ್ಲಿ ಬಂದ ಶಿಲ್ಕು ಹಳೆಯದರ ಶಿಲ್ಕಿಗೆ ತಾಳೆಯಾಗದಿದ್ದಾಗ ನೋಡಲು ಅದೊಂದೇ ಮೂಲ. ಉಳಿದವುಗಳಲ್ಲಿ ಎಂಟು ಜಿಬಿ ಮೆಮೊರಿ ಇರುವವಕ್ಕೆ ಲಿನಕ್ಸ್ ಹಾಕಿದರೆ ಊರಿನ ಶಾಲೆಯಲ್ಲಿ ಇನ್ನೂ ಕೆಲವು ವರ್ಷ ಕೆಲಸಕ್ಕೆ ಬರುತ್ತವೆ, ಆದರೆ ಕೊಡುವ ಮುನ್ನ ಸಂಘದ ಡಿಸ್ಕನ್ನು ತೆಗೆದಿಟ್ಟುಕೊಂಡು ಹೊಸ ಎಸ್‌ಎಸ್‌ಡಿ ಹಾಕಿಸಿ ಕೊಡಿ.